ರೋಗಿಗೆ ಸಲ್ಲಬೇಕಾದ ಸತ್ಯ



ಮುದಗಲ್ ಸಮೀಪದ ಹಿರಿಯ ಒಕ್ಕಲಿಗರೊಬ್ಬರು ಸುಗ್ಗಿ ಮುಗಿದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಅವರ ಮಗನಿಗೆ ಗ್ಲಿಯೊಬ್ಲಾಸ್ಟೋಮಾ ಎಂಬ ಮೆದುಳಿನ ಉಗ್ರ ಅರ್ಬುದ ರೋಗ. ಬೆಂಗಳೂರಿನಲ್ಲಿ ಶಸ್ತ್ರಕ್ರಿಯೆ, ವಿಕಿರಣ ಚಿಕಿತ್ಸೆಗಳಾದ ಮೇಲೂ ಗಡ್ಡೆ ಮರಳಿತ್ತು. “ಅಪ್ಪಾರ, ನಮ್ಮ ರಕ್ತದ ಕಣಾನ ಪಳಗಿಸಿ ಒಳಗ ಬಿಡೋ ಹೊಸ ಇಲಾಜು ಬಂದೈತಂತ್ರಿ. ನಾಕು ಎಕರೆ ಹೊಲ ಮಾರಬೇಕಂತ ಮಾಡೀನ್ರಿ,” ಎಂದರು. ಮಗನಿಗೆ ರೋಗದ ಹೆಸರನ್ನೇ ಹೇಳಿರಲಿಲ್ಲ.

ವೈದ್ಯರನ್ನು ಕೇಳಿರೆಂದು ನಾವು ಸುಮ್ಮನಾಗಬಹುದಿತ್ತು. ಆದರೆ ಅವರು ಕೇಳಿದ್ದು ಔಷಧದ ಮಾತನ್ನಷ್ಟೇ ಅಲ್ಲ.

ಅವರು ಕೇಳಿದ ಸುದ್ದಿ ಸುಳ್ಳಲ್ಲ. ರೋಗಿಯ ಟಿ ಕಣಗಳನ್ನು ಮಾರ್ಪಡಿಸಿ ಮರಳಿ ಕೊಡುವ ಚಿಕಿತ್ಸೆಯೊಂದು ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳ ಪರಿಶ್ರಮದಿಂದ ರೂಪುಗೊಂಡು 2023ರಲ್ಲಿ ಸರಕಾರದ ಅನುಮತಿ ಪಡೆಯಿತು. ಆದರೆ ಅದು ಕೆಲವು ಬಗೆಯ ರಕ್ತದ ಅರ್ಬುದಗಳಿಗೆ ಮಾತ್ರ. ಮೆದುಳಿನ ವಿಷಯ ಬೇರೆ. ಅಮೆರಿಕದ ಬೋಸ್ಟನ್ನಿನ ವೈದ್ಯರು ಇಂತಹ ಚಿಕಿತ್ಸೆಯನ್ನು ಮೂವರು ರೋಗಿಗಳಿಗೆ ಕೊಟ್ಟ ವರದಿ 2024ರಲ್ಲಿ ಪ್ರಕಟವಾಯಿತು. ಒಬ್ಬರ ಗಡ್ಡೆ ಐದೇ ದಿನಗಳಲ್ಲಿ ಬಹುಪಾಲು ಕರಗಿತ್ತು! ಆದರೂ ಮೂವರಲ್ಲಿ ಇಬ್ಬರಿಗೆ ಆ ಫಲ ನಿಲ್ಲಲಿಲ್ಲ. ಈ ಗಡ್ಡೆಯ ಕಣಗಳೆಲ್ಲವೂ ಒಂದೇ ಗುರುತನ್ನು ಹೊತ್ತಿರುವುದಿಲ್ಲ. ಗುರುತು ಸಿಕ್ಕವು ಸತ್ತರೆ ಸಿಗದವು ಬೆಳೆಯುತ್ತವೆ. ಹತ್ತಿರ ಬಂದ ರಕ್ಷಕ ಕಣಗಳನ್ನೂ ಅದು ದುರ್ಬಲಗೊಳಿಸುತ್ತದೆ.

ಹೀಗಿರಲು ಇದಿನ್ನೂ ಪ್ರಯೋಗ. ಪ್ರಯೋಗಕ್ಕೆ ಒಳಗಾಗುವುದು ತಪ್ಪಲ್ಲ, ಪರೋಪಕಾರವೂ ಹೌದು. ಅದನ್ನು ಸಿದ್ಧೌಷಧವೆಂದು ನಂಬಿಸಿ ಹೊಲ ಮಾರಿಸುವುದು ಮಾತ್ರ ವಂಚನೆ. ನಮ್ಮ ದೇಶದ 2019ರ ನಿಯಮಗಳಂತೆ ಪ್ರಯೋಗಕ್ಕೆ ಎಲ್ಲವನ್ನೂ ತಿಳಿದ ರೋಗಿಯ ಲಿಖಿತ ಸಮ್ಮತಿ ಬೇಕು. ರೋಗದ ಹೆಸರನ್ನೇ ಅರಿಯದವನು ಯಾವುದಕ್ಕೆ ಸಮ್ಮತಿಸಿಯಾನು?

“ಹೇಳಿದ್ರ ಎದಿ ಒಡಕೊಂತಾನ್ರಿ,” ಎಂದರು ಆ ತಂದೆ. ಮಕ್ಕಳಿಲ್ಲದ ವಿರಕ್ತರಿಗೆ ಸತ್ಯ ಹೇಳಿರೆನ್ನುವುದು ಸುಲಭವೆಂಬುದನ್ನು ನಾವು ಬಲ್ಲೆವು. ಆದರೂ ಆ ಮಗನಿಗೆ ಹೆಂಡತಿಯಿದ್ದಾಳೆ, ಶಾಲೆಗೆ ಹೋಗುವ ಕೂಸಿದೆ. ಅವರೊಡನೆ ಆಡಬೇಕಾದ ಮಾತಿನ ಸಮಯವನ್ನು ಪ್ರೀತಿಯ ಹೆಸರಿನಲ್ಲಿ ಕಸಿಯುವ ಹಕ್ಕು ತಂದೆಗೂ ಇಲ್ಲ. ಹೊಲ ಮಾರಬೇಡಿ, ಪ್ರಯೋಗವಿದ್ದರೆ ವೆಚ್ಚ ಯಾರದೆಂದು ಕೇಳಿ, ನೋವು ಶಮನದ ಆರೈಕೆಯನ್ನು ಇಂದೇ ಆರಂಭಿಸಿ, ಮಗನೊಡನೆ ಮಾತಾಡಿ ಎಂದೆವು. ಅವರು ಉತ್ತರಿಸದೆ ಎದ್ದು ಹೋದರು.

ಎಂಟು ದಿನಗಳ ಮೇಲೆ ದೂರವಾಣಿಯಲ್ಲಿ ಮಾತಾಡಿದರು. ಮಗನಿಗೆ ಎಲ್ಲವೂ ಮೊದಲೇ ಗೊತ್ತಿತ್ತಂತೆ. ಅಪ್ಪ ನೊಂದುಕೊಂಡಾನೆಂದು ಅವನೂ ಸುಮ್ಮನಿದ್ದನಂತೆ.