ಇರುವಿಕೆಯೂ ಉಪವಾಸವೂ



ಏನೂ ಇಲ್ಲದಿರುವುದಕ್ಕೆ ಬದಲಾಗಿ ಏನಾದರೊಂದು ಏಕಿದೆಯೆಂದು ಜರ್ಮನಿಯ ತತ್ತ್ವಜ್ಞ ಲೈಬ್ನಿಜ್ 1714ರಲ್ಲಿ ಕೇಳಿದನು. ಕಾರಣವನ್ನು ಈಶ್ವರನಲ್ಲಿ ಕಂಡನು. ಆದರೆ ಲೋಕಕ್ಕೆ ಮುನ್ನ ಆ ಕರ್ತೃ ಎಲ್ಲಿದ್ದನೆಂದು 9ನೆಯ ಶತಮಾನದಲ್ಲೇ ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ಪ್ರಶ್ನಿಸಿದ್ದರು.

ಜಿನಾಗಮದಂತೆ ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲಗಳೆಂಬ 6 ದ್ರವ್ಯಗಳು ಅನಾದಿನಿಧನ. ಇರುವಿಕೆಯೇ ಅವುಗಳ ಸ್ವಭಾವ; ಸ್ವಭಾವಕ್ಕೆ ಹೊರಗಿನ ಕಾರಣ ಬೇಡ. ಒಲೆಯ ಸೌದೆ ಬೂದಿಯಾದಾಗ ಸೌದೆಯೆಂಬ ಪರ್ಯಾಯ ಅಳಿಯಿತು, ಬೂದಿಯೆಂಬ ಪರ್ಯಾಯ ಹುಟ್ಟಿತು, ಪುದ್ಗಲವು ಉಳಿಯಿತು. ಇದೇ ಉತ್ಪಾದ, ವ್ಯಯ, ಧ್ರೌವ್ಯ.

ಹೀಗಿರಲು, ಎಂದೆಂದಿಗೂ ಇರುವ ನಾನು ಕರ್ಮಬದ್ಧನಾಗಿ ಏಕಿದ್ದೇನೆಂಬುದೇ ನಮಗುಳಿದ ಪ್ರಶ್ನೆ. ಕರ್ತೃವಿಲ್ಲದ ಲೋಕದಲ್ಲಿ ಬಂಧಕ್ಕೂ ಬಿಡುಗಡೆಗೂ ನಾವೇ ಹೊಣೆ.

ಚತುರ್ದಶಿಯಂದು ಒಲೆ ಹೊತ್ತುವುದಿಲ್ಲ. ಹಸಿವು ಬರುವುದು, ಹೋಗುವುದು. ಅದನ್ನು ಅರಿಯುವಾತನು ಉಳಿಯುವನು. ಆತನ ಸಮೀಪದಲ್ಲಿ ವಾಸಿಸುವುದೇ ಉಪವಾಸ. ಅನ್ನವನ್ನು ಬಿಟ್ಟು ಕ್ರೋಧ, ಮಾನ, ಮಾಯೆ, ಲೋಭಗಳನ್ನು ಉಳಿಸಿಕೊಂಡರೆ ಅದು ಬರಿಯ ಲಂಘನ. ಮುಂದಿನ ಪರ್ವದಂದು ಹಸಿವಾದಾಗ, ಹಸಿದಿರುವುದು ಯಾವುದು, ಅರಿತಿರುವವನು ಯಾರು ಎಂದು ಒಮ್ಮೆ ವಿಚಾರಿಸಿರಿ.

ಸದ್ಧರ್ಮವೃದ್ಧಿರಸ್ತು.