ಅಧಿಕಾರವಿಲ್ಲದವನ ಹೊಣೆ

ಕಟ್ಟಡ ಕಟ್ಟುವ ಜಾಗಕ್ಕೆ ತರಬೇತಿಗೆಂದು ಬಂದ ಹುಡುಗನನ್ನು ಗುರುತಿಸುವುದು ಕಷ್ಟವಲ್ಲ. ಅವನ ಹೆಲ್ಮೆಟ್ಟಿಗೆ ಇನ್ನೂ ಗಾರೆ ಮೆತ್ತಿರುವುದಿಲ್ಲ, ಕೈಯಲ್ಲೊಂದು ನೋಟುಪುಸ್ತಕವಿರುತ್ತದೆ, ಎಲ್ಲಿ ನಿಂತರೂ ಯಾರದೋ ದಾರಿಗೆ ಅಡ್ಡವಾಗಿರುತ್ತಾನೆ. ಹುಡುಗಿಯರೂ ಈಗ ಹೀಗೆ ಬರುತ್ತಾರೆ. ಇಂಟರ್ನ್‌ಶಿಪ್ ಎಂದು ಇದಕ್ಕೆ ಹೆಸರು. ಬಂದವನು ಯಾರಿಗೂ ಅಪ್ಪಣೆ ಮಾಡುವಂತಿಲ್ಲ, ಯಾವ ಕಾಗದಕ್ಕೂ ರುಜು ಹಾಕುವಂತಿಲ್ಲ. ಅವನಿಗೆ ಇರುವುದು ಎರಡು ಕಣ್ಣು ಮಾತ್ರ. ಆ ಕಣ್ಣಿಗೆ ಬಿದ್ದ ತಪ್ಪಿಗೆ ಅವನು ಹೊಣೆಯೋ ಅಲ್ಲವೋ? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ; ಆದರೆ ಯೋಚಿಸುತ್ತ ಹೋದಂತೆ ಅದು ಕಟ್ಟಡದ ಬೇಲಿಯೊಳಗೆ ನಿಲ್ಲುವ ಪ್ರಶ್ನೆಯಲ್ಲವೆಂದು ನನಗೆ ತೋರಿದೆ.

ಒಂದು ಉದಾಹರಣೆ ನೋಡೋಣ. ತಾರಸಿಗೆ ಕಾಂಕ್ರೀಟು ಹಾಕುವ ದಿನ. ಬಿಸಿಲು ಏರುತ್ತಿದೆ, ಕಲಸಿದ ಮಾಲು ಬಿಗಿಯಾಗುತ್ತಿದೆ. ಎಳೆದು ಹರಡಲು ಕಷ್ಟವೆಂದು ಯಾರೋ ಒಂದು ಬಕೆಟ್ಟು ನೀರು ಹೆಚ್ಚಿಗೆ ಸುರಿಯುತ್ತಾರೆ. ಕೂಡಲೆ ಕೆಲಸ ಹಗುರಾಗುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಸಿಮೆಂಟು ಗಟ್ಟಿಯಾಗಲು ಬೇಕಾದುದಕ್ಕಿಂತ ಹೆಚ್ಚಾದ ನೀರು ಆಮೇಲೆ ಆರಿಹೋಗಿ, ತಾನಿದ್ದ ಕಡೆ ಸಣ್ಣ ರಂಧ್ರಗಳನ್ನು ಬಿಟ್ಟುಹೋಗುತ್ತದೆ. ಸಿಮೆಂಟಿಗೆ ನೀರಿನ ಪ್ರಮಾಣ ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆಂದು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲಿಯೇ ತೋರಿಸಿಕೊಟ್ಟರು. ತರಬೇತಿಯ ಹುಡುಗ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಬಂದಿದ್ದಾನೆ. ಬಕೆಟ್ಟು ಬಾಗಿದ್ದನ್ನೂ ಕಣ್ಣಾರೆ ಕಂಡಿದ್ದಾನೆ.

ಕಟ್ಟಡದ ಕೆಲಸಕ್ಕೆ ಒಂದು ವಿಶೇಷ ಗುಣವಿದೆ. ಇಲ್ಲಿ ಇಂದು ಕಂಡ ತಪ್ಪು ನಾಳೆ ಕಾಣುವುದಿಲ್ಲ. ಕಂಬಿಗಳ ನಡುವಿನ ಅಂತರ ಸರಿಯಿತ್ತೋ ಇಲ್ಲವೋ, ಮೇಲೆ ಕಾಂಕ್ರೀಟು ಬಿದ್ದ ಮೇಲೆ ಬರಿಗಣ್ಣಿಗೆ ಗೊತ್ತಾಗದು. ಪರೀಕ್ಷೆಗೆಂದು 150 ಮಿಲಿಮೀಟರಿನ ಕ್ಯೂಬುಗಳನ್ನು ಎರಕ ಹೊಯ್ಯುತ್ತಾರೆ, ನಿಜ. ಅವುಗಳ ಪೂರ್ಣ ಬಲ ನೋಡುವುದು 28 ದಿನಗಳಿಗೆ. ಅಷ್ಟರೊಳಗೆ ಮೇಲಿನ ಅಂತಸ್ತು ಏಳತೊಡಗಿರಬಹುದು. ಅಲ್ಲದೆ ಕ್ಯೂಬು ಹೇಳುವುದು ತನ್ನೊಳಗಿನ ಕಾಂಕ್ರೀಟಿನ ಕಥೆಯನ್ನೇ. ಅದನ್ನು ತುಂಬಿಸಿದ ಮೇಲೆ ಸುರಿದ ನೀರಿನ ಸುದ್ದಿ ಅದಕ್ಕೆ ತಿಳಿಯದು. ಆ ಸುದ್ದಿ ತಿಳಿದಿರುವುದು ನಿಂತು ನೋಡಿದವನಿಗೆ.

ಅವನು ಏನು ಮಾಡಬೇಕು? ಲೋಕದ ಉತ್ತರ ಸಿದ್ಧವಾಗಿಯೇ ಇದೆ: “ಕಲಿಯಲು ಬಂದಿದ್ದೀಯ, ಕಲಿತುಕೊಂಡು ಹೋಗು. ಮೇಸ್ತ್ರಿಗೆ ಮೂವತ್ತು ವರ್ಷದ ಅನುಭವ, ನಿನಗೆ ಮೂರು ವಾರದ್ದು.” ಈ ಮಾತನ್ನು ಬರಿಯ ಹೇಡಿತನವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಹೊಸಬನ ಕಣ್ಣು ತಪ್ಪಲ್ಲದ್ದನ್ನು ತಪ್ಪೆಂದು ಕಾಣುವುದುಂಟು. ಪುಸ್ತಕದಲ್ಲಿಲ್ಲದ ನೂರು ಸಂಗತಿ ಮೇಸ್ತ್ರಿಯ ಬೆರಳಿನಲ್ಲಿರುತ್ತವೆ. ಆದರೆ ನನಗೆ ತಿಳಿದಿರುವುದು ಅಲ್ಪವೆಂಬ ವಿನಯ ನನ್ನನ್ನು ಪ್ರಶ್ನೆ ಕೇಳುವಂತೆ ಮಾಡಬೇಕೇ ಹೊರತು ಬಾಯಿ ಮುಚ್ಚಿಸಬಾರದು. ತಿಳಿಯದವನಿಗೆ ತೀರ್ಪು ಕೊಡುವ ಹಕ್ಕಿಲ್ಲ. ಕೇಳುವ ಹಕ್ಕು ಅವನಿಗಲ್ಲದೆ ಇನ್ನಾರಿಗಿದೆ?

ಇಲ್ಲಿ ಕೆನಡಾದ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಸೇಂಟ್ ಲಾರೆನ್ಸ್ ನದಿಗೆ ಕ್ವಿಬೆಕ್ ಬಳಿ 1800 ಅಡಿಯ ಮುಖ್ಯ ಅಂಕಣವಿರುವ ಉಕ್ಕಿನ ಸೇತುವೆ ಏಳುತ್ತಿತ್ತು. ಮುಖ್ಯ ಸಲಹೆಗಾರ ಥಿಯೊಡೋರ್ ಕೂಪರ್, ಹೆಸರಾಂತ ಹಿರಿಯ, ದೂರದ ನ್ಯೂಯಾರ್ಕಿನಲ್ಲಿದ್ದರು. ಸ್ಥಳದಲ್ಲಿ ಅವರ ಕಣ್ಣಾಗಿದ್ದವನು ನಾರ್ಮನ್ ಮೆಕ್ಲೂರ್, ಕಾಲೇಜು ಬಿಟ್ಟು ಮೂರು ವರ್ಷವಷ್ಟೇ ಆಗಿದ್ದ ತರುಣ. 1907ರ ಆಗಸ್ಟಿನಲ್ಲಿ ಕೆಳಗಿನ ಉಕ್ಕಿನ ತೊಲೆಗಳು ಬಾಗುತ್ತಿರುವುದನ್ನು ಅವನು ಅಳೆದು ಬರೆದಿಟ್ಟ. ಒಂದು ತೊಲೆಯ ಬಾಗು ಎರಡು ಅಂಗುಲ ದಾಟಿತು. ಬಾಗು ಮೊದಲಿನಿಂದಲೂ ಇದ್ದದ್ದೆಂದು ಉಕ್ಕಿನ ಕಂಪೆನಿಯವರ ವಾದ. ಅಲ್ಲ, ಹೆಚ್ಚುತ್ತಿದೆ ಎಂದು ಇವನದು. ಕಡೆಗೆ ತಾನೇ ಹೊರಟು 29ರ ಬೆಳಗ್ಗೆ ಕೂಪರರನ್ನು ಕಂಡ. ಹೆಚ್ಚಿನ ಭಾರ ಹೇರಬಾರದೆಂದು ಕೂಪರ್ ತಂತಿ ಕೊಟ್ಟರು. ಆದರೆ ಕೊಟ್ಟದ್ದು ಸೇತುವೆಯ ಬಳಿಗಲ್ಲ, ಪೆನ್ಸಿಲ್ವೇನಿಯದಲ್ಲಿದ್ದ ಕಂಪೆನಿಯ ಕಚೇರಿಗೆ. ಕೆಲಸ ನಡೆಯುತ್ತಲೇ ಇತ್ತು. ಅದೇ ಸಂಜೆ ಸೇತುವೆ ಕುಸಿದು 75 ಮಂದಿ ಸತ್ತರು.

ಮಾತಾಡಿ ಏನು ಪ್ರಯೋಜನವಾಯಿತು ಎಂದು ಯಾರಾದರೂ ಕೇಳಬಹುದು. ನಾನು ಇದರಿಂದ ಬೇರೆ ಪಾಠ ತೆಗೆಯುತ್ತೇನೆ. ಲೆಕ್ಕದ ತಪ್ಪು ಹಿರಿಯರದು. ಅದರ ಗುರುತು ಕಂಡು, ಬಿಡದೆ ಹಿಂಬಾಲಿಸಿದವನು ಕಿರಿಯ. ಅವನಿಗೆ ಕೆಲಸ ನಿಲ್ಲಿಸುವ ಶಕ್ತಿಯಿರಲಿಲ್ಲ. ತಿಳಿದದ್ದನ್ನು ಶಕ್ತಿಯಿದ್ದವರ ಮುಂದಿಡುವುದಷ್ಟೇ ಅವನ ಕೈಲಿದ್ದದ್ದು. ಅದನ್ನು ಅವನು ಮಾಡಿದ. ಅಲ್ಲಿಂದ ಮುಂದೆ ಹೊಣೆ ಕೇಳಿಸಿಕೊಂಡವರ ಹೆಗಲೇರಿತು. ಅಧಿಕಾರವಿಲ್ಲದವನ ಹೊಣೆ ಕಡಿಮೆಯೆಂದಲ್ಲ. ಅದರ ದಾರಿ ಗಿಡ್ಡ, ಅಷ್ಟೆ. ಆದರೆ ಆ ಗಿಡ್ಡ ದಾರಿಯನ್ನು ಪೂರ್ತಿಯಾಗಿ ನಡೆಯಬೇಕು.

ಇನ್ನೊಂದು ಮಾತಿದೆ. ಬಕೆಟ್ಟು ಬಾಗಿದ್ದನ್ನು ಕಂಡವನು ಹುಡುಗನೊಬ್ಬನೇ ಅಲ್ಲ. ಬಾಂಡ್ಲಿ ಹೊತ್ತು ಸಾಲಿನಲ್ಲಿ ನಿಂತ ಹೆಂಗಸೂ ಕಂಡಿದ್ದಾಳೆ. ಎಷ್ಟು ತಾರಸಿಗಳ ಮಾಲು ಅವಳ ತಲೆಯ ಮೇಲೆ ಹೋಗಿದೆಯೋ! ಇವತ್ತಿನದು ತೆಳುವೆಂದು ಅವಳಿಗೆ ಬಾಂಡ್ಲಿ ತುಳುಕುವಾಗಲೇ ತಿಳಿದಿರಬಹುದು. ಆದರೆ ಅವಳು ಬಾಯಿ ತೆರೆದರೆ ನಾಳಿನ ಕೂಲಿ ಹೋಗುತ್ತದೆ. ಹುಡುಗನಿಗೆ ಹೋಗುವುದು ಹೆಚ್ಚೆಂದರೆ ಒಂದು ಸರ್ಟಿಫಿಕೇಟಿನ ಒಳ್ಳೆಯ ಮಾತು. ಅದೂ ನಷ್ಟವೇ, ಮುಂದೆ ಕೆಲಸ ಹುಡುಕುವವನಿಗೆ ಅದು ಹಗುರವಲ್ಲ. ಆದರೂ ಅಲ್ಲಿ ಕೆಳಗೆ ನಿಂತವರೊಳಗೆ ಹೆಚ್ಚು ಸ್ವತಂತ್ರನಾದವನು ಅವನೇ. ತಾನು ಎಲ್ಲರಿಗಿಂತ ಚಿಕ್ಕವನೆಂದು ಅವನು ಅಂದುಕೊಂಡಿದ್ದಾನೆ. ಮೇಲೆ ನೋಡಿದರೆ ನಿಜ, ಪಕ್ಕಕ್ಕೆ ನೋಡಿದರೆ ನಿಜವಲ್ಲ. ಹೊಣೆಯನ್ನು ಅಧಿಕಾರದಿಂದ ಅಳೆಯುವುದು ನಮ್ಮ ರೂಢಿ. ತಿಳಿವಳಿಕೆಯಿಂದಲೂ, ಮಾತಾಡಿದರೆ ತೆರಬೇಕಾದ ಬೆಲೆಯಿಂದಲೂ ಅಳೆಯುವುದು ಹೆಚ್ಚು ನ್ಯಾಯವೆಂದು ನನ್ನ ಎಣಿಕೆ.

ಹಾಗೆಂದು ಅವನು ಮೇಸ್ತ್ರಿಯ ಮೇಲೆ ಕೂಗಾಡಬೇಕಿಲ್ಲ. “ಮೇಸ್ತ್ರಿಗಳೇ, ನೀರು ಹೆಚ್ಚಾಗಲಿಲ್ಲವೆ?” ಎಂದರೆ ಸಾಕು. ಉತ್ತರ ಸರಿಕಾಣದಿದ್ದರೆ ಸೈಟ್ ಇಂಜಿನಿಯರನ್ನು ಕೇಳಲಿ. ಕಂಡದ್ದನ್ನು ತಾರೀಖು ಹಾಕಿ ಬರೆದಿಡಲಿ. ಕೇಳುವವನನ್ನು ಗದರದೆ ನಿಂತು ಉತ್ತರ ಕೊಡುವುದು ಹಿರಿಯರ ಪಾಲಿನ ಕೆಲಸ. ಅದಿಲ್ಲದೆ ತರಬೇತಿಯೆಂಬ ಮಾತಿಗೆ ಅರ್ಥವಿಲ್ಲ.

ನಮ್ಮಲ್ಲಿ ಅನೇಕರ ಮಕ್ಕಳು, ತಮ್ಮಂದಿರು ಹೀಗೆ ತರಬೇತಿಗೆ ಹೋಗಿ ಬರುತ್ತಾರೆ. ಬಂದ ದಿನ ಸರ್ಟಿಫಿಕೇಟು ಕೊಟ್ಟರೆ, ದುಡ್ಡು ಏನಾದರೂ ಕೊಟ್ಟರೆ ಎಂದು ವಿಚಾರಿಸುತ್ತೇವೆ. ಕೇಳಬೇಕಾದ್ದೇ. ಅದರ ಜೊತೆಗೆ, “ಅಲ್ಲಿ ನೀನು ಏನು ಕಂಡೆ? ಕಂಡದ್ದನ್ನು ಯಾರನ್ನಾದರೂ ಕೇಳಿದೆಯಾ?” ಎಂದೂ ಒಂದು ಮಾತು ವಿಚಾರಿಸಬಹುದು. ಕಟ್ಟುವ ತಾರಸಿಯ ಕೆಳಗೆ ಮಲಗುವವರು ನಾವೇ ಅಲ್ಲವೆ?