ಜಾದೂಘರದ ಬಾಗಿಲು

1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಭೂಗೋಳ ಸಂಘದ ಸಭಾಂಗಣ ಕಿಕ್ಕಿರಿದಿತ್ತು. ಡಯಾನಾ ವಾಘನ್ ಎಂಬ ಹೆಣ್ಣುಮಗಳು ಅಂದು ಮೊದಲ ಬಾರಿಗೆ ಎಲ್ಲರೆದುರು ಬರುವವಳಿದ್ದಳು. ಆಕೆ ಫ್ರೀಮೇಸನ್ನರ ಒಳಗುಂಪೊಂದರಲ್ಲಿ ಸೈತಾನನನ್ನು ಪೂಜಿಸುತ್ತಿದ್ದು, ಆಮೇಲೆ ಮನಸ್ಸು ತಿರುಗಿ ಕ್ಯಾಥೊಲಿಕ್ ಆದವಳು ಎಂದು ಲಿಯೋ ತಕ್ಸಿಲ್ ಎಂಬ ಲೇಖಕ ಓದುಗರನ್ನು ನಂಬಿಸಿದ್ದ. ಆದರೆ ವೇದಿಕೆಗೆ ಬಂದವನು ತಕ್ಸಿಲ್ ಮಾತ್ರ. ಹನ್ನೆರಡು ವರ್ಷಗಳ ತನ್ನ ‘ಬಯಲು ಮಾಡುವಿಕೆ’ಯೆಲ್ಲ ಒಂದು ತಮಾಷೆ, ಸೈತಾನನ ಪೂಜೆ ಕಟ್ಟುಕತೆ, ಡಯಾನಾ ಬರೀ ಒಬ್ಬ ಟೈಪಿಸ್ಟ್ ಎಂದು ಹೇಳಿ, ರೊಚ್ಚಿಗೆದ್ದ ಸಭೆಯಿಂದ ಪಾರಾಗಿ ಹೋದ.

ಈ ಮನುಷ್ಯನಿಗೆ 1887ರಲ್ಲಿ ಪೋಪ್ ಹದಿಮೂರನೆಯ ಲಿಯೋ ದರ್ಶನ ಕೊಟ್ಟಿದ್ದರು. 1896ರಲ್ಲಿ ಟ್ರೆಂಟೋ ನಗರದಲ್ಲಿ ನಡೆದ ಫ್ರೀಮೇಸನ್ ವಿರೋಧಿ ಸಮ್ಮೇಳನದಲ್ಲಿ ಡಯಾನಾ ನಿಜವಾಗಿ ಇದ್ದಾಳೋ ಇಲ್ಲವೋ ಎಂಬುದರ ಮೇಲೆ ಗಂಭೀರ ಚರ್ಚೆಯೇ ಆಗಿತ್ತು. ಸುಳ್ಳು ಹೇಳಿದವನೇ ಒಪ್ಪಿಕೊಂಡ ಮೇಲೆ ವಿಷಯ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆ ಕಾಲದ ಕಟ್ಟುಕತೆಗಳ ತುಣುಕುಗಳು ಇವತ್ತಿಗೂ ಇಂಟರ್ನೆಟ್ಟಿನಲ್ಲಿ ಓಡಾಡಿಕೊಂಡಿವೆ. ತ್ರಿಕೋನದೊಳಗೆ ಕಣ್ಣಿರುವ ಚಿತ್ರ ಕಂಡರೆ ಸಾಕು, ಹಾಸ್ಟೆಲ್ಲಿನಲ್ಲಿ ಯಾರಾದರೊಬ್ಬರು ‘ಇಲ್ಯುಮಿನಾಟಿ’ ಎನ್ನುತ್ತಾರೆ. ಬವೇರಿಯಾದಲ್ಲಿ 1776ರಲ್ಲಿ ಹುಟ್ಟಿ, ಹತ್ತು ವರ್ಷ ತುಂಬುವುದರೊಳಗೆ ಸರ್ಕಾರದ ನಿಷೇಧಕ್ಕೆ ಸಿಕ್ಕ ಒಂದು ಸಣ್ಣ ಕೂಟಕ್ಕೆ ಇಷ್ಟು ದೀರ್ಘವಾದ ಪರಲೋಕ ಸಿಕ್ಕಿದ್ದು ಅದರ ಸಾಧನೆಯಿಂದ ಅಂತೂ ಅಲ್ಲ.

ಜನರಿಗೆ ಗೊತ್ತಿಲ್ಲ, ಅದಕ್ಕೇ ಸಂಶಯಪಡುತ್ತಾರೆ ಎಂಬುದು ಸಾಮಾನ್ಯವಾಗಿ ಸಿಗುವ ವಿವರಣೆ. ನನಗೆ ಇದು ಸಾಲದು ಅನ್ನಿಸುತ್ತದೆ. ಫ್ರೀಮೇಸನ್ನರ ಗುಟ್ಟು ಯಾವತ್ತೋ ಬಯಲಾಗಿದೆ. 1730ರಲ್ಲೇ ಸ್ಯಾಮ್ಯುಯೆಲ್ ಪ್ರಿಚರ್ಡ್ ಎಂಬಾತ ಅವರ ದೀಕ್ಷಾವಿಧಿ, ಸಂಕೇತ, ಪ್ರಶ್ನೋತ್ತರಗಳನ್ನೆಲ್ಲ ಅಚ್ಚು ಹಾಕಿಸಿದ. ಆ ಪುಸ್ತಕ ಮರುಮುದ್ರಣಗಳನ್ನೂ ಕಂಡಿತು. ಕಲ್ಲುಕುಟಿಗರ ಉಪಕರಣಗಳಾದ ಮೂಲೆಮಟ್ಟ, ಕೈವಾರಗಳನ್ನು ಸಂಕೇತವಾಗಿ ಇಟ್ಟುಕೊಂಡು, ಸೊಲೊಮನ್ನನ ದೇವಾಲಯ ಕಟ್ಟಿದ ಕತೆಯನ್ನು ಅಭಿನಯಿಸಿ, ಪರಸ್ಪರ ನೆರವಾಗುವ ಪ್ರಮಾಣ ಮಾಡುವ ಗಂಡಸರ ಕೂಟ ಎಂಬುದು ಸುಮಾರು ಮುನ್ನೂರು ವರ್ಷಗಳಿಂದ ಓದಲು ಸಿಗುತ್ತಿದೆ. ಆದರೂ ಉತ್ತರ ಭಾರತದ ಊರುಗಳಲ್ಲಿ ಇವರ ಕಟ್ಟಡಕ್ಕೆ ಜನ ಇಟ್ಟ ಹೆಸರು ‘ಜಾದೂಘರ್’. ಬೆಂಗಳೂರಿನಲ್ಲೂ ಇವರ ಲಾಡ್ಜುಗಳಿವೆ. (ನಮ್ಮಲ್ಲಿ ಲಾಡ್ಜ್ ಎಂದರೆ ಬಸ್ ಸ್ಟ್ಯಾಂಡ್ ಪಕ್ಕದ ಬಾಡಿಗೆ ಕೋಣೆ, ಆ ಪದದಿಂದ ಹುಟ್ಟುವ ಸಂಶಯ ಬೇರೆಯೇ ಬಗೆಯದು.)

ಹಾಗಾದರೆ ತೊಂದರೆ ಗುಟ್ಟಿನ ಒಳಗೆ ಏನಿದೆ ಎಂಬುದರದ್ದಲ್ಲ. ಗುಟ್ಟು ಜನರನ್ನು ಒಳಗಿನವರು, ಹೊರಗಿನವರು ಎಂದು ಎರಡು ಮಾಡುತ್ತದೆ. ಹೊರಗೆ ಉಳಿದವರಿಗೆ ತಾವು ಹೊರಗಿದ್ದೇವೆ ಎಂಬುದೊಂದೇ ಖಚಿತವಾಗಿ ಗೊತ್ತಿರುತ್ತದೆ. ಜರ್ಮನ್ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1906ರಲ್ಲಿ ಗುಪ್ತ ಸಂಘಗಳ ಕುರಿತು ಬರೆದ ಪ್ರಬಂಧದಲ್ಲಿ ಗುಟ್ಟನ್ನು ಮನುಷ್ಯ ಸಂಬಂಧಗಳ ಒಂದು ರೂಪವೆಂದೇ ನೋಡುತ್ತಾನೆ. ಇದನ್ನು ತಿಳಿಯಲು ಸಿಮ್ಮೆಲ್‌ವರೆಗೆ ಹೋಗಬೇಕಾಗಿಯೂ ಇಲ್ಲ. ಉಪನಯನದಲ್ಲಿ ವಟುವಿನ ತಲೆಯ ಮೇಲೆ ಬಟ್ಟೆ ಮುಚ್ಚಿ ಕಿವಿಯಲ್ಲಿ ಉಪದೇಶಿಸುವ ಗಾಯತ್ರಿ ಈಗ ಯೂಟ್ಯೂಬಿನಲ್ಲಿ ಬೆಳಗಿನಿಂದ ಸಂಜೆಯವರೆಗೂ ಮೊಳಗುತ್ತದೆ. ಆ ಬಟ್ಟೆ ಮಾತ್ರ ಹಾಗೇ ಇದೆ. ಯಾರ ತಲೆಯ ಮೇಲೆ ಅದನ್ನು ಹೊದಿಸುತ್ತಾರೆ, ಯಾರ ತಲೆಯ ಮೇಲೆ ಹೊದಿಸುವುದಿಲ್ಲ ಎಂಬುದೂ ಬಹುಮಟ್ಟಿಗೆ ಹಾಗೇ ಇದೆ.

ಮೇಲುಕೋಟೆಯ ನೆನಪಿನಲ್ಲಿ ಬೆರೆತುಹೋಗಿರುವ ರಾಮಾನುಜಾಚಾರ್ಯರ ಬಗ್ಗೆ ಶ್ರೀವೈಷ್ಣವ ಪರಂಪರೆ ಹೇಳುವ ಕತೆಯೊಂದಿದೆ. ಗುರು ಗೋಷ್ಠೀಪೂರ್ಣರು ಅವರನ್ನು ಹದಿನೆಂಟು ಸಲ ಅಲೆದಾಡಿಸಿ, ಯಾರಿಗೂ ಹೇಳಕೂಡದೆಂದು ಮಾತು ತೆಗೆದುಕೊಂಡು ಮಂತ್ರಾರ್ಥ ಉಪದೇಶಿಸಿದರು. ರಾಮಾನುಜರು ನೇರ ಹೋಗಿ ತಿರುಕೋಷ್ಟಿಯೂರಿನ ಗುಡಿಯ ಎತ್ತರದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಸಾರಿದರು. ಇಷ್ಟು ಜನ ಉದ್ಧಾರವಾಗುವುದಾದರೆ ತಾನೊಬ್ಬ ನರಕಕ್ಕೆ ಹೋದರೂ ಸರಿ ಎಂದರಂತೆ. ಚರಿತ್ರೆಯಾಗಿ ಇದು ಎಷ್ಟು ನಿಜವೋ, ಆ ವಾದ ಬೇರೆ. ಆದರೆ ಕತೆ ನೀತಿಯ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಇಡುತ್ತದೆ. ಮಂತ್ರ ಒಳ್ಳೆಯದೇ. ಒಳ್ಳೆಯದಾದ್ದರಿಂದಲೇ ಅದನ್ನು ಕೆಲವರಿಗೆ ಮಾತ್ರ ಕೊಡುವುದು ತಪ್ಪು. ಅಂದರೆ ಮುಚ್ಚಿದ ಕೂಟವೊಂದನ್ನು ಅಳೆಯಬೇಕಾದ್ದು ಅದರ ಗರ್ಭಗುಡಿಯಲ್ಲಿ ಅಲ್ಲ, ಬಾಗಿಲಿನಲ್ಲಿ.

ಚರ್ಚಿನ ವಿರೋಧವನ್ನೂ ಈ ಬಾಗಿಲಿನಿಂದ ನೋಡಿದರೆ ಅದು ಬೇರೆಯಾಗಿ ಕಾಣುತ್ತದೆ. ಫ್ರೀಮೇಸನ್ನರ ಮೇಲೆ ಮೊದಲ ನಿಷೇಧ ಹೊರಡಿಸಿದವರು ಹನ್ನೆರಡನೆಯ ಕ್ಲೆಮೆಂಟ್, 1738ರಲ್ಲಿ. ಕೆಟ್ಟದ್ದು ಮಾಡದವರು ಬೆಳಕಿಗೆ ಏಕೆ ಹೆದರಬೇಕು ಎಂಬುದು ಅವರ ಒಂದು ವಾದ. ಅದೇ ಆಜ್ಞೆಯಲ್ಲಿ, ನಿಷೇಧಕ್ಕೆ ತಮಗೆ ತಿಳಿದಿರುವ ಇನ್ನೂ ಕೆಲವು ನ್ಯಾಯವಾದ ಕಾರಣಗಳಿವೆ ಎಂದು ಸೇರಿಸಿದ ಪೋಪ್ ಅವೇನೆಂದು ಹೇಳುವುದಿಲ್ಲ! ಗುಟ್ಟನ್ನು ಖಂಡಿಸುವ ಪತ್ರದಲ್ಲೇ ಒಂದು ಗುಟ್ಟು. ನಿಜವಾಗಿ ಚುಚ್ಚಿದ್ದು ಗುಟ್ಟಿಗಿಂತ ಬೇರೆಯದು ಎಂದೇ ನನ್ನ ಊಹೆ. ಬೇರೆ ಬೇರೆ ಧರ್ಮಪಂಥಗಳವರು ಅಲ್ಲಿ ಒಟ್ಟು ಸೇರುತ್ತಾರೆ ಎಂಬ ಆಕ್ಷೇಪವೂ ಆ ಪತ್ರದಲ್ಲಿದೆ. 1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬ ಪಾದ್ರಿ ಬರೆದ ಫ್ರೀಮೇಸನ್ ಸಂವಿಧಾನದ ಮೊದಲ ವಿಧಿಯೇ ಧರ್ಮದ ಕುರಿತದ್ದು. ಎಲ್ಲ ಮನುಷ್ಯರೂ ಒಪ್ಪುವ ಧರ್ಮವೊಂದನ್ನು ಪಾಲಿಸಿದರೆ ಸಾಕು, ಉಳಿದ ಮತಾಭಿಪ್ರಾಯ ಅವರವರಿಗೆ ಬಿಟ್ಟದ್ದು ಎಂಬುದು ಅದರ ತಾತ್ಪರ್ಯ. ನಾಸ್ತಿಕರಿಗೆ ಮಾತ್ರ ಜಾಗವಿಲ್ಲ.

ಇದು ಧರ್ಮವೇ ಅಲ್ಲ, ಧರ್ಮಕ್ಕೆ ಪರ್ಯಾಯವೂ ಅಲ್ಲ ಎಂದು ಫ್ರೀಮೇಸನ್ನರು ಹೇಳುತ್ತಲೇ ಬಂದಿದ್ದಾರೆ. ವೇದಿಕೆಯಿದೆ, ಪ್ರಾರ್ಥನೆಯಿದೆ, ಧರ್ಮಗ್ರಂಥದ ಮೇಲೆ ಕೈಯಿಟ್ಟು ಪ್ರಮಾಣವಿದೆ, ವಿಶ್ವದ ಮಹಾಶಿಲ್ಪಿ ಎಂಬ ಹೆಸರಿನ ದೇವರೂ ಇದ್ದಾನೆ. ವಿಶ್ವಕರ್ಮನನ್ನು ಬಲ್ಲ ನಮಗೆ ಅವನೇನೂ ಅಪರಿಚಿತನಲ್ಲ. ಇಷ್ಟಿದ್ದೂ ಧರ್ಮವಲ್ಲ ಎನ್ನುವ ಮಾತು ಹೊರಗಿನವರಿಗೆ ಜಾಣತನವಾಗಿ ಕಾಣುತ್ತದೆ. 1877ರಲ್ಲಿ ಫ್ರಾನ್ಸಿನ ಗ್ರ್ಯಾಂಡ್ ಓರಿಯಂಟ್ ದೈವನಂಬಿಕೆಯ ಕಟ್ಟಳೆಯನ್ನು ತೆಗೆದುಹಾಕಿದಾಗ ಇಂಗ್ಲೆಂಡಿನವರು ಅವರೊಡನೆ ಸಂಬಂಧವನ್ನೇ ಕಡಿದುಕೊಂಡರು. ಚರ್ಚಿನ ನಿಲುವೂ ಬದಲಾಗಿಲ್ಲ. 2023ರ ನವೆಂಬರಿನಲ್ಲಿ ವ್ಯಾಟಿಕನ್ ಹಳೆಯ ನಿಷೇಧವನ್ನು ಮತ್ತೆ ದೃಢಪಡಿಸಿತು.

ಎಲ್ಲರೂ ಒಪ್ಪುವ ಧರ್ಮ ಎಂದರಲ್ಲ, ಆ ‘ಎಲ್ಲರೂ’ ಯಾರು? ಈ ಪ್ರಶ್ನೆಯನ್ನು ಅವರ ಮುಂದಿಟ್ಟವರು ನಮ್ಮ ನೆಲದವರು. ಮಾಣಿಕ್‌ಜಿ ಕರ್ಸೆಟ್‌ಜಿ ಎಂಬ ಮುಂಬಯಿಯ ಪಾರ್ಸಿಯನ್ನು ಇಲ್ಲಿನ ಲಾಡ್ಜ್ ಸೇರಿಸಿಕೊಳ್ಳಲಿಲ್ಲ. ಅವರು ಪ್ಯಾರಿಸ್ಸಿಗೆ ಹೋಗಿ ದೀಕ್ಷೆ ಪಡೆದು ಬಂದರು. ಮರಳಿದ ಮೇಲೂ ಮುಜುಗರ ತಪ್ಪಲಿಲ್ಲ; ಕೊನೆಗೆ 1843ರಲ್ಲಿ ಭಾರತೀಯರಿಗೂ ಪ್ರವೇಶವಿರುವ ‘ರೈಸಿಂಗ್ ಸ್ಟಾರ್’ ಎಂಬ ಲಾಡ್ಜ್ ಮುಂಬಯಿಯಲ್ಲಿ ಹುಟ್ಟಿತು. ಕಲ್ಕತ್ತೆಯ ಪ್ರಸನ್ನ ಕುಮಾರ ದತ್ತರದ್ದು ಇನ್ನೂ ದೊಡ್ಡ ಕತೆ. 1863ರಲ್ಲಿ ಅವರು ಸೇರಲು ಮುಂದಾದಾಗ ಬಂದ ಅಡ್ಡಿ ಇದು: ಹಿಂದೂಗಳಿಗೆ ಹಲವು ದೇವರು, ಹಾಗಾಗಿ ಒಬ್ಬ ಪರಮಾತ್ಮನನ್ನು ನಂಬುವುದಾಗಿ ಅವರು ಹೇಗೆ ಪ್ರಮಾಣ ಮಾಡಿಯಾರು? ಜಾತಿ ಪಾಲಿಸುವವರು ಯಾರನ್ನು ತಾನೇ ಸಹೋದರ ಎಂದಾರು? ಏಷ್ಯಾದವರನ್ನು ಸೇರಿಸಿಕೊಳ್ಳಲು ಪ್ರಾಂತದ ಮುಖ್ಯಸ್ಥರ ಅಪ್ಪಣೆ ಬೇಕೆಂಬ ನಿಯಮವೂ ಅಲ್ಲಿತ್ತು. ದತ್ತರು ಬಿಡಲಿಲ್ಲ. ಲಂಡನ್ನಿನವರೆಗೂ ಪತ್ರ ಬರೆದರು. ಒಂಬತ್ತು ವರ್ಷಗಳ ನಂತರ, 1872ರಲ್ಲಿ, ಬಾಗಿಲು ತೆರೆಯಿತು.

ಈ ಒಂಬತ್ತು ವರ್ಷಗಳಲ್ಲಿ ಸೈತಾನನಿಲ್ಲ, ಪಿತೂರಿಯಿಲ್ಲ. ನಮ್ಮ ಕಚೇರಿಗಳಲ್ಲಿ ದಿನಾ ನಡೆಯುವಂಥ ಕಡತದ ಓಡಾಟ ಮತ್ತು ವಿನಯದ ಭಾಷೆಯಲ್ಲಿ ಬರೆದ ತಿರಸ್ಕಾರ ಇದೆ. ಜಾತಿಯ ಆಕ್ಷೇಪವಂತೂ ವಿಚಿತ್ರ. ಅದು ಸುಳ್ಳಲ್ಲ, ನಿಜವೇ. ಆದರೆ ಅದನ್ನು ಎತ್ತಿದವರು ಸಹಪಂಕ್ತಿ ಭೋಜನಕ್ಕಾಗಿ ಹಂಬಲಿಸುತ್ತಿದ್ದವರಲ್ಲ, ಬಿಳಿಯರ ಕ್ಲಬ್ಬನ್ನು ಕಾಯುತ್ತಿದ್ದವರು. 1886ರಲ್ಲಿ ಲಾಹೋರಿನಲ್ಲಿ ಫ್ರೀಮೇಸನ್ ಆದ ಕಿಪ್ಲಿಂಗ್ ‘ದಿ ಮದರ್ ಲಾಡ್ಜ್’ ಎಂಬ ಕವಿತೆಯಲ್ಲಿ ಹಿಂದೂ, ಮುಸ್ಲಿಂ, ಯಹೂದಿ, ಇಂಗ್ಲಿಷರು ಒಟ್ಟಿಗೆ ಕೂರುವ ಸಭೆಯನ್ನು ಪ್ರೀತಿಯಿಂದ ನೆನೆಯುತ್ತಾನೆ. ಅಲ್ಲಿಯೂ ಔತಣವಿಲ್ಲ, ಯಾರದಾದರೂ ಜಾತಿ ಕೆಟ್ಟೀತು ಎಂಬ ಕಾಳಜಿ. ಸಭೆ ಮುಗಿದ ಮೇಲೆ ಸಹೋದರತ್ವ ಹೊರಗಿನ ಮೆಟ್ಟಿಲಿನವರೆಗೂ ಬರುತ್ತಿರಲಿಲ್ಲ ಎಂಬುದನ್ನು ಆ ಕವಿತೆಯೇ ಬಚ್ಚಿಡುವುದಿಲ್ಲ.

ಆದರೂ ಒಮ್ಮೆ ತೆರೆದ ಬಾಗಿಲಿನಿಂದ ಯಾರು ಬರುತ್ತಾರೆಂದು ಹೇಳಲಾಗದು. ಪ್ರಸನ್ನ ಕುಮಾರ ದತ್ತರು ಸೇರಿದ ಹನ್ನೆರಡು ವರ್ಷಕ್ಕೆ, 1884ರಲ್ಲಿ, ಅದೇ ಕಲ್ಕತ್ತೆಯ ‘ಆಂಕರ್ ಅಂಡ್ ಹೋಪ್’ ಲಾಡ್ಜಿನಲ್ಲಿ ನರೇಂದ್ರನಾಥ ದತ್ತನೆಂಬ ತರುಣ ದೀಕ್ಷೆ ಪಡೆದ. ಆಮೇಲೆ ಜಗತ್ತು ಅವನನ್ನು ವಿವೇಕಾನಂದ ಎಂದು ಕರೆಯಿತು. 1961ರಲ್ಲಿ ಸ್ವತಂತ್ರ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಇಲ್ಲಿನ ಲಾಡ್ಜುಗಳ ವೇದಿಕೆಯ ಮೇಲೆ ಭಗವದ್ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್ ಅಕ್ಕಪಕ್ಕ ಇರುತ್ತವೆ. ಹಿಂದೂವನ್ನು ಸೇರಿಸಿಕೊಳ್ಳಬಹುದೇ ಎಂದು ಒಂಬತ್ತು ವರ್ಷ ಯೋಚಿಸಿದ ಸಂಸ್ಥೆಯಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಹಾಗೆಂದು ಸಂಶಯಪಡುವ ಜನರನ್ನು ಮೂಢರೆಂದು ನಗುವುದೂ ಸಲ್ಲದು. 1981ರ ಮಾರ್ಚಿನಲ್ಲಿ ಇಟಲಿಯ ಪೊಲೀಸರು ಲಿಚೊ ಜೆಲ್ಲಿ ಎಂಬಾತನಿಗೆ ಸೇರಿದ ಜಾಗಗಳನ್ನು ಶೋಧಿಸಿದಾಗ ‘ಪಿ2’ ಎಂಬ ಗುಪ್ತ ಲಾಡ್ಜಿನ ಪಟ್ಟಿ ಸಿಕ್ಕಿತು. ಅದರಲ್ಲಿ 962 ಹೆಸರುಗಳು: ಮಂತ್ರಿಗಳು, ಸೇನಾಧಿಕಾರಿಗಳು, ಬೇಹುಗಾರಿಕೆಯ ಮುಖ್ಯಸ್ಥರು, ಪತ್ರಕರ್ತರು. ಸರ್ಕಾರ ಬಿತ್ತು. ಇಲ್ಲಿ ಬಚ್ಚಿಟ್ಟದ್ದು ಕೈಕುಲುಕುವ ಸಂಕೇತವನ್ನಲ್ಲ, ಯಾರು ಯಾರಿಗೆ ಋಣಿ ಎಂಬುದನ್ನು. ಇತರರ ಹಕ್ಕನ್ನು ತಟ್ಟುವ ಕೆಲಸವೊಂದರ ಉದ್ದೇಶವನ್ನು ಬಹಿರಂಗವಾಗಿ ಹೇಳಲಾಗದಿದ್ದರೆ ಆ ಕೆಲಸ ಅನ್ಯಾಯದ್ದು ಎಂಬ ಅಳತೆಗೋಲನ್ನು ಕಾಂಟ್ 1795ರಲ್ಲೇ ಕೊಟ್ಟಿದ್ದ. ನೆರೆಹೊರೆಯವರಿಗೆ ತಟ್ಟದ ದೀಕ್ಷಾವಿಧಿಯ ಗುಟ್ಟು ಆ ಅಳತೆಗೆ ಸಿಗುವುದಿಲ್ಲ. ನ್ಯಾಯಾಧೀಶ ಮತ್ತು ಕಕ್ಷಿದಾರ ಒಂದೇ ಕೂಟದ ಸಹೋದರರು ಎಂಬ ಗುಟ್ಟು ಸಿಗುತ್ತದೆ. ತಕ್ಸಿಲ್‌ನಂಥವರಿಂದಾದ ನಿಜವಾದ ನಷ್ಟ ಇದೇ. ಸೈತಾನನನ್ನು ಹುಡುಕುತ್ತ ಕೂತವರು ಕಕ್ಷಿದಾರನನ್ನು ಕಾಣುವುದಿಲ್ಲ.

ಇಂಗ್ಲೆಂಡಿನ ಮಾನ್ಯತೆಯುಳ್ಳ ಲಾಡ್ಜುಗಳಿಗೆ ಹೆಂಗಸರು ಇವತ್ತಿಗೂ ಸದಸ್ಯರಾಗುವಂತಿಲ್ಲ. 1882ರಲ್ಲಿ ಫ್ರಾನ್ಸಿನ ಲಾಡ್ಜೊಂದು ಮರಿಯಾ ದೆರೆಮ್ ಎಂಬ ಮಹಿಳೆಗೆ ದೀಕ್ಷೆ ಕೊಟ್ಟು ಗದ್ದಲವೆಬ್ಬಿಸಿತು. ಗಂಡು ಹೆಣ್ಣು ಇಬ್ಬರಿಗೂ ತೆರೆದ ಸಂಘವೊಂದು 1893ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು. ಅದನ್ನು ಭಾರತಕ್ಕೆ ತಂದವರು ಅನಿ ಬೆಸೆಂಟ್. ಹಳೆಯ ಲಾಡ್ಜುಗಳು ಆ ಸಂಘವನ್ನು ತಮ್ಮದೆಂದು ಇನ್ನೂ ಒಪ್ಪಿಕೊಂಡಿಲ್ಲ.